ಅಪ್ಪ ಕಾಯಿಸಿದ ಹಲಗೆ

ನಾನು ಹೊಸಪೇಟೆ–ಕಂಪ್ಲಿ ಬಸ್ಸಿನ ಕಂಡಕ್ಟರ್. ದಿನಾ ಎಷ್ಟು ಮಂದಿಯ ಮಾತು ಕಿವಿಗೆ ಬೀಳುತ್ತದೋ ಲೆಕ್ಕವಿಲ್ಲ. ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಳು, ಯಾರ ಮಗಳಿಗೆ ಯಾವ ಊರಿನ ಗಂಡು ಬಂತು, ಎಲ್ಲಾ ಕೇಳಿಸುತ್ತದೆ. ಒಂದನ್ನೂ ಮನೆಗೆ ಹೊತ್ತುಕೊಂಡು ಹೋಗಬಾರದು ಅಂತ ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿತೆ. "ಹಿಂದ ಹೋಗ್ರಿ, ಹಿಂದ ಭಾಳ ಜಾಗ ಐತಿ" ಅನ್ನುವುದಷ್ಟೇ ನನ್ನ ಪಾಲಿನ ಮಾತು. ಆದರೆ ಈ ಒಂದು ಸಂಗತಿ ಶುರುವಾದದ್ದು ನನ್ನ ಬಸ್ಸಿನಲ್ಲೇ, ಅದೂ ನಮ್ಮ ಮನೆಯದೇ. ಅದಕ್ಕೇ ಬರೆಯುತ್ತಿದ್ದೇನೆ.

ಯುಗಾದಿ ಆದಮೇಲೆ ನಮ್ಮ ಕಡೆಯ ಬಿಸಿಲು ಹೇಗಿರುತ್ತದೆ ಅಂತ ಹೊರಗಿನವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಬಂದು ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಕಾಲುವೆಯ ನೀರು ನಿಲ್ಲುತ್ತದೆ, ಭತ್ತದ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಮಂದಿಗೆ ಸ್ವಲ್ಪ ಪುರುಸೊತ್ತು. ಸಮುದ್ರ ಇರುವ ಊರಿನವರು ಸಂಜೆ ದಂಡೆಗೆ ಹೋಗಿ ಕುಳಿತು ಹಾಡು ಕೇಳುತ್ತಾರಂತೆ. ನಮಗೆಲ್ಲಿಯ ಸಮುದ್ರ! ನಮಗಿರುವುದು ಹೊಳೆ, ಅದೂ ಆ ಹೊತ್ತಿಗೆ ಅರ್ಧ ಬಂಡೆ, ಅರ್ಧ ಮರಳು. ಆದರೂ ಕಂಪ್ಲಿಯ ಒಂದಿಷ್ಟು ಓದಿದ ಹುಡುಗರು, ಹುಡುಗಿಯರು ಸೇರಿಕೊಂಡು ಬೇಸಿಗೆ ಶುರುವಾಗುತ್ತಲೇ ಹೊಳೆದಂಡೆಯಲ್ಲಿ ಒಂದು ಸಂಜೆ ಹಾಡು-ಕುಣಿತ ಇಟ್ಟುಕೊಳ್ಳುತ್ತಾರೆ. ಮೇಳ ಅನ್ನುವಷ್ಟು ದೊಡ್ಡದಲ್ಲ. ಶಾಮಿಯಾನ, ಮೈಕು, ಕುರ್ಚಿ, ಒಗ್ಗರಣೆ-ಮಿರ್ಚಿ. ಅಷ್ಟೇ.

ಆ ಕೂಟಕ್ಕೆ ಹಲಗೆ, ಅಂದರೆ ತಮಟೆ, ಬಡಿಯುವ ಹುಡುಗಿಯರ ತಂಡವೊಂದಿದೆ. ಹೊಸಪೇಟೆಯಲ್ಲಿ ಓದುವವರು. ಭಾನುವಾರ ಪ್ರ್ಯಾಕ್ಟೀಸಿಗೆ ಅಂತ ಹಲಗೆಗಳನ್ನು ಹೆಗಲಿಗೆ ಹಾಕಿಕೊಂಡು ನನ್ನ ಬಸ್ಸು ಹತ್ತುತ್ತಾರೆ. ಹತ್ತಿದವರು ಸುಮ್ಮನೆ ಕೂಡುತ್ತಾರಾ? ಬಸ್ಸಿನಲ್ಲೇ ಶುರು. ನಾನೂ ಒಂದೆರಡು ಸಲ ರೇಗಿದ್ದೆ, "ಡ್ರೈವರಿಗೆ ಹಾರ್ನ್ ಕೇಳಂಗಿಲ್ಲ, ಸಾಕು ಮಾಡ್ರವ್ವ!" ಅಂತ. ಒಂದು ಭಾನುವಾರ ಕಂಪ್ಲಿಯಿಂದ ವಾಪಸು ಬರುವಾಗ ಅದೇ ಬಸ್ಸಿನಲ್ಲಿ ನಮ್ಮ ಚಿಗಪ್ಪ ಇದ್ದ. ಎಮ್ಮಿಗನೂರಲ್ಲಿ ಇರುತ್ತಾನೆ, ಗದ್ದೆ ಕೂಲಿ. ಕಣ್ಣು ತೋರಿಸಲಿಕ್ಕೆ ಹೊಸಪೇಟೆಗೆ, ನಮ್ಮ ಮನೆಗೆ ಹೊರಟಿದ್ದ. ಹುಡುಗಿಯರು ಬಡಿಯುತ್ತಿದ್ದರು. ಚಿಗಪ್ಪ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದ, ಆದರೆ ಅವನ ಎರಡು ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ಅವರಿಗೆ ಉತ್ತರ ಕೊಡುತ್ತಿದ್ದವು. ಅವರು ಎಲ್ಲಿ ತಪ್ಪಿದರೂ ಬೆರಳು ತಪ್ಪುತ್ತಿರಲಿಲ್ಲ.

ತಂಡದ ಮುಂದಾಳು ಹುಡುಗಿ, ನರ್ಸಿಂಗ್ ಓದುವವಳು, ಭಾಳ ಚುರುಕು. ಕಂಡುಹಿಡಿದುಬಿಟ್ಟಳು.

"ತಾತ, ನೀವು ಹಲಗಿ ಬಡಿತಿದ್ರೇನು?"

ಚಿಗಪ್ಪ ಬೆರಳು ಮಡಿಚಿಕೊಂಡು ನನ್ನ ಕಡೆ ನೋಡಿದ. ನಾನು ಟಿಕೆಟ್ ಮಷೀನು ನೋಡಿದೆ.

"ಬಡಿತಿದ್ದೆ. ಈಗ ಇಲ್ಲವ್ವ," ಅಂದ.

ಅವಳು ತನ್ನ ಹಲಗೆ ತೆಗೆದು ಅವನ ತೊಡೆಯ ಮೇಲಿಟ್ಟಳು. ಚಿಗಪ್ಪ ಅದನ್ನು ಎತ್ತಿ, ಇಷ್ಟು ಹಗುರ ಯಾಕೆ ಅಂತ ಕೇಳಿದ. "ಫೈಬರ್, ತಾತ. ಚರ್ಮ ಅಲ್ಲ. ಇದನ್ನ ಬೆಂಕಿಗಿ ಹಿಡಿಯಾದು ಬ್ಯಾಡ, ಯಾವಾಗ ಬೇಕಾದ್ರೂ ಬಡಿಬಹುದು" ಅಂದಳು ಹುಡುಗಿ. ಚಿಗಪ್ಪ ಅದನ್ನು ಬಡಿಯಲಿಲ್ಲ. ಅಂಗೈಯಲ್ಲಿ ಒಂದು ಸಲ ಸವರಿ ವಾಪಸು ಕೊಟ್ಟ. ಬಸ್ಸು ಹೊಸಪೇಟೆ ಮುಟ್ಟುವುದರೊಳಗೆ ಅವಳು ಅವನನ್ನು ಹೊಳೆದಂಡೆಯ ಕೂಟಕ್ಕೆ ಕರೆದಾಗಿತ್ತು. ಚಿಗಪ್ಪ ಒಂದೇ ಮಾತು ಹೇಳಿದ: "ನಮ್ಮಣ್ಣ ಹೂಂ ಅಂದ್ರ ಬರ್ತೀನಿ. ಇಲ್ಲಂದ್ರ ಇಲ್ಲ."

ಅವನ ಅಣ್ಣ ಅಂದರೆ ನಮ್ಮಪ್ಪ. ಅಪ್ಪ ಯಾಕೆ ಹೂಂ ಅನ್ನುವವನಲ್ಲ ಅಂತ ಹೇಳಬೇಕೆಂದರೆ ಹಿಂದಕ್ಕೆ ಹೋಗಬೇಕು.

ಅಣ್ಣತಮ್ಮ ಇಬ್ಬರದೂ ಒಂದೇ ಹಲಗೆ ಇತ್ತು. ಬಡಿಯುವ ಕೈ ಚಿಗಪ್ಪನದು, ಕಾಯಿಸುವ ಕೈ ಅಪ್ಪನದು. ಚರ್ಮದ ಹಲಗೆ ಸುಮ್ಮನಿದ್ದರೆ ಸಡಿಲಾಗುತ್ತದೆ, ಹಂಗೇ ಬಡಿದರೆ ದನಿ ಮಂಕು. ಅದಕ್ಕೇ ಒಣ ಹುಲ್ಲಿಗೆ ಬೆಂಕಿ ಹಚ್ಚಿ, ಹಲಗೆಯನ್ನು ಸ್ವಲ್ಪ ದೂರ ಹಿಡಿದು ತಿರುಗಿಸುತ್ತಾ ಕಾಯಿಸಬೇಕು. ಅಪ್ಪ ಕುಕ್ಕರಗಾಲಲ್ಲಿ ಕುಳಿತು ಈ ಕೆಲಸ ಮಾಡುವುದನ್ನು ಚಿಕ್ಕವಳಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ತಿರುಗಿಸುವುದು, ಅಂಗೈ ಇಟ್ಟು ನೋಡುವುದು, ಬೆರಳ ಗಿಣ್ಣಿನಿಂದ ತಟ್ಟಿ ಕಿವಿ ಕೊಡುವುದು. ಕೊನೆಗೆ "ಕಾದೈತಿ, ಬಡಿ" ಅಂತ ತಮ್ಮನ ಕೈಗೆ ಕೊಡುವುದು. ಆ ಮಾತು ಬರುವ ತನಕ ಚಿಗಪ್ಪ ಕೋಲು ಮುಟ್ಟುತ್ತಿರಲಿಲ್ಲ. ಎಷ್ಟೇ ದೊಡ್ಡವರು "ಜಲ್ದಿ ಬಡಿಯಲೇ" ಅಂದರೂ ಇವನ ಕಿವಿಗೆ ಅಣ್ಣನ ಮಾತೇ ಬೀಳಬೇಕು.

ಬಡಿಯುವುದು ಎಲ್ಲಿ? ಸತ್ತ ಮನೆಯ ಮುಂದೆ. ಊರಲ್ಲಿ ಯಾರು ಸತ್ತರೂ ಆ ಮನೆಯ ಆಳು ಬರುತ್ತಿದ್ದ, ಓಣಿಯ ತುದಿಯಲ್ಲೇ ನಿಂತು "ಬಾರಲೇ, ಹಲಗಿ ತಗೊಂಡು ಬಾ" ಅಂತ ಕೂಗುತ್ತಿದ್ದ. ಹೋಗಬೇಕು, ಅಷ್ಟೇ. ಜ್ವರ ಇರಲಿ, ಹಬ್ಬ ಇರಲಿ.

ಚಿಗಪ್ಪನ ಮದುವೆಯ ದಿನ ಊರಿನ ದೊಡ್ಡ ಮನೆಯಲ್ಲಿ ಮುದುಕರೊಬ್ಬರು ತೀರಿಕೊಂಡರು. ನಮ್ಮ ಹಂದರದಲ್ಲಿ ಅಕ್ಕಿಕಾಳು ಆಗಷ್ಟೇ ಬಿದ್ದಿತ್ತು, ಮಂದಿ ಇನ್ನೂ ಉಣ್ಣಲು ಕುಳಿತಿರಲಿಲ್ಲ. ಆಳು ಬಂದು ಕೂಗಿದ. ಅಪ್ಪ ಹೋಗಿ ಕೈಮುಗಿದು ಬೇಡಿದ, "ಮದುಮಗ ಅದಾನ್ರಿ, ಇವತ್ತೊಂದಿನ ಬಿಡ್ರಿ." ಬಿಡಲಿಲ್ಲ. ಚಿಗಪ್ಪ ಅರಿಶಿನದ ಬಟ್ಟೆಯಲ್ಲೇ ಹೋದ. ಅಪ್ಪ ಆ ಮನೆಯ ಮುಂದೆ ಹುಲ್ಲು ಹಚ್ಚಿ ಹಲಗೆ ಕಾಯಿಸಿ ಕೊಟ್ಟ. ಚಿಗಪ್ಪ ಸಂಜೆಯ ತನಕ ಬಡಿದ. ಮದುಮಗಳು, ಅಂದರೆ ನಮ್ಮ ಚಿಗವ್ವ, ಹಂದರದಲ್ಲಿ ಒಬ್ಬಳೇ ಕುಳಿತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ದೂರದಿಂದ ಹಲಗೆ ಕೇಳಿಸುತ್ತಿತ್ತು, ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು. ಈಗ ನೆನೆದರೂ ನನಗೆ ಮೈಯೆಲ್ಲಾ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಅಪ್ಪ ಹಲಗೆಯನ್ನು ಒಯ್ದು ತುಂಬಿ ಹರಿಯುತ್ತಿದ್ದ ಕಾಲುವೆಗೆ ಎಸೆದ. ಚಿಗಪ್ಪ ದಡದಲ್ಲಿ ನಿಂತು ಅದು ತೇಲಿ ಹೋಗುವುದನ್ನು ನೋಡಿದ. ನಾವು ಊರು ಬಿಟ್ಟು ಯಶವಂತನಗರಕ್ಕೆ ಹೋದೆವು, ಅಪ್ಪ ಮೈನ್ಸಿನ ಕೆಲಸಕ್ಕೆ ಸೇರಿದ. ಮುಂದೆ ಅಲ್ಲಿನ ಕೆಲಸಗಾರರ ಜೊತೆ ದೀಕ್ಷೆ ತಗೊಂಡು ಬೌದ್ಧರಾದೆವು. ಚಿಗಪ್ಪನ ಮನೆಯವರೂ ಆದರು. ಅವತ್ತು ಅಪ್ಪ ತಮ್ಮನ ಕೈಲಿ ಮಾತು ತಗೊಂಡ: ಇನ್ನು ಯಾರು ಕರೆದರೂ ಹಲಗೆ ಮುಟ್ಟಬಾರದು. ಚಿಗಪ್ಪ ಹೂಂ ಅಂದ. ಅಂದಮೇಲೆ ಮುಗೀತು.

ಹುಡುಗಿ ಬಿಡುವವಳಲ್ಲ. ಮರುವಾರವೇ ಹೊಸಪೇಟೆಯ ನಮ್ಮ ಮನೆಗೆ ಬಂದಳು. ಅಪ್ಪ ಈಗ ರಿಟೈರಾಗಿ ನನ್ನ ಜೊತೆಗಿದ್ದಾನೆ, ಬಾಗಿಲ ಕಟ್ಟೆಯೇ ಅವನ ಆಫೀಸು. ಅವಳು ಹೇಳಿದ್ದನ್ನೆಲ್ಲಾ ಕೇಳಿ ಅಪ್ಪ ಅಂದ, "ನೀವು ಬಡಿರವ್ವ, ಮಸ್ತ್ ಬಡಿರಿ. ನಿಮ್ಮನ್ನ ಯಾರೂ ಬಾರಲೇ ಅಂತ ಕೂಗಿಲ್ಲ. ನಮ್ಮ ತಮ್ಮನ್ನ ಬಿಟ್ಟುಬಿಡ್ರಿ."

"ತಾತಾರಿಗಿ ಆಸೆ ಐತ್ರಿ," ಅಂದಳು ಅವಳು.

"ಅವನಿಗೇನ್ ಗೊತ್ತಾಗ್ತೈತಿ," ಅಂದ ಅಪ್ಪ. ಎದ್ದು ಒಳಗೆ ಹೋದ.

ಅರವತ್ತು ದಾಟಿದವನಿಗೆ ಏನು ಗೊತ್ತಾಗುತ್ತದೆ ಅಂತೆ! ನನಗೆ ಸಿಟ್ಟು ಬಂತು, ನುಂಗಿಕೊಂಡೆ. ಕಣ್ಣಿಗೆ ಔಷಧಿ ಹಾಕಿಸಿಕೊಂಡು ವಾರದಿಂದ ನಮ್ಮಲ್ಲೇ ಇದ್ದ ಚಿಗಪ್ಪ ಅಡಿಗೆಮನೆಯಲ್ಲಿ ಕುಳಿತು ಎಲ್ಲಾ ಕೇಳಿಸಿಕೊಂಡಿದ್ದ. ಊರಿಗೆ ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ: "ಸಾಯೋದ್ರೊಳಗ ಒಂದು ಸಲ, ಸತ್ತ ಮನಿ ಮುಂದ ಅಲ್ಲ, ಬ್ಯಾರೆ ಎಲ್ಯಾರ ಬಡಿಬೇಕಂತ ಇತ್ತವ್ವ. ಮಂದಿ ಅಳಲಾರದಂಗ ಕೇಳಬೇಕು. ಅಷ್ಟ. ಅಣ್ಣ ಒಲ್ಲೆ ಅಂದ್ರ ಬ್ಯಾಡ." ನಾನು ಅಪ್ಪನಿಗೆ ಈ ಮಾತನ್ನು ಹಂಗಹಂಗೇ ತಲುಪಿಸಿದೆ. ಅಪ್ಪ "ಬಟ್ಟಿ ಒಣಗ್ಯಾವೇನು ನೋಡು" ಅಂದ.

ಕೂಟದ ದಿನ ನನಗೆ ರಜೆ. ಹುಡುಗಿ ಫೋನು ಮಾಡಿ ಮಾಡಿ ಚಿಗಪ್ಪನನ್ನು ಬರೀ ನೋಡಲಿಕ್ಕಾದರೂ ಬರ್ರಿ ಅಂತ ಒಪ್ಪಿಸಿದ್ದಳು. ನಾನು ಹೊರಟಾಗ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಾನೂ ಬರ್ತೀನಿ. ಹಿಂದ ಕುಂದ್ರತೀನಿ," ಅಂದ. ತಮ್ಮನನ್ನು ಕಾವಲು ಕಾಯಲಿಕ್ಕೆ ಅಂತ ಅಂದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ದಂಡೆಯಲ್ಲಿ ಮಂದಿ ಸೇರಿದ್ದರು. ಸಂಡೂರಿನ ಲಂಬಾಣಿ ಹೆಂಗಸರು ಕಸೂತಿ ಬಟ್ಟೆಗಳನ್ನು ಹಗ್ಗಕ್ಕೆ ಹಾಕಿದ್ದರು. ಮಕ್ಕಳು ಮರಳಿನ ಮೇಲೆ ಬಣ್ಣದ ಪುಡಿಯಲ್ಲಿ ಆನೆ, ತೆಪ್ಪ ಬರೆದಿದ್ದರು. ಹಾರ್ಮೋನಿಯಂ ಇಟ್ಟುಕೊಂಡು ತತ್ವಪದ ಹಾಡುವವರು ಹಾಡಿದರು. ಒಬ್ಬರು ಕಲೆಯ ಬಗ್ಗೆ ಭಾಷಣ ಮಾಡಿದರು, ಮಾಡಿದರು, ಮಾಡುತ್ತಲೇ ಇದ್ದರು. ಹತ್ತಿದ ಪ್ಯಾಸೆಂಜರನ್ನಾದರೂ ಇಳಿಸಬಹುದು, ಮೈಕು ಹಿಡಿದವರನ್ನು ಇಳಿಸಲಿಕ್ಕಾಗದು. ಅಪ್ಪ ಕೊನೆಯ ಸಾಲಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದ. ಚಿಗಪ್ಪ ಎಮ್ಮಿಗನೂರಿಂದ ಬಂದು ಮುಂದೆ, ಸ್ಟೇಜಿನ ಪಕ್ಕ ನನ್ನ ಜೊತೆ ಕುಳಿತಿದ್ದ. ಇಬ್ಬರೂ ಮಾತಾಡಿರಲಿಲ್ಲ.

ಹುಡುಗಿಯರ ಸರದಿ ಬಂತು. ಮುಂದಾಳು ಹುಡುಗಿ ಚಿಗಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಚಿಗಪ್ಪ ಎದ್ದು ನಿಂತು ಹಿಂದಿನ ಸಾಲಿನ ಕಡೆ ನೋಡಿದ. ಕೇಳುವುದಕ್ಕೇ ನೋಡಿದ್ದು, ನನಗೆ ಗೊತ್ತಾಯಿತು. ನಾನೂ ತಿರುಗಿದೆ.

ಅಪ್ಪನ ಕುರ್ಚಿ ಖಾಲಿ.

ಚಿಗಪ್ಪನ ಮುಖ ಸಣ್ಣದಾಯಿತು. "ಎದ್ದು ಹೋದ ನೋಡು," ಅಂದ ನನಗೆ. "ನಾ ಒಲ್ಲೆವ್ವ. ನೀವ ಬಡಿರಿ," ಅಂದ ಹುಡುಗಿಗೆ. ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಹುಡುಗಿಯರಲ್ಲಿ ಗಲಿಬಿಲಿ. ಒಂದು ಹಲಗೆ ಕಾಣುತ್ತಿಲ್ಲ, ಈಗ ಇಲ್ಲೇ ಇತ್ತು ಅಂತ. ನನಗೆ ಹಲಗೆಯ ಚಿಂತೆ ಇರಲಿಲ್ಲ. ಮಂದಿಯ ಮುಂದೆ ತಮ್ಮನನ್ನು ಹಿಂಗೆ ಬಿಟ್ಟು ಹೋಗುವುದೇ? ಇವತ್ತು ಅಪ್ಪನಿಗೆ ಎರಡು ಮಾತು ಅಂದೇ ತೀರುತ್ತೇನೆ ಅಂತ ದಾಪುಗಾಲು ಹಾಕಿದೆ.

ಅಡಿಗೆಯ ಶೆಡ್ಡಿನ ಹಿಂದಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಅಪ್ಪ. ಬಿಳಿ ಅಂಗಿಯ ತೋಳು ಮಡಿಚಿ, ಕುಕ್ಕರಗಾಲಲ್ಲಿ, ಒಣ ಹುಲ್ಲಿನ ಸಣ್ಣ ಬೆಂಕಿಯ ಮುಂದೆ. ಕೈಯಲ್ಲಿ ಹುಡುಗಿಯರ ಹಲಗೆ. ಅದರ ಮುಖ ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದು ಮುದುರಿ ಹೋಗಿತ್ತು.

"ಏನಪ್ಪಾ ಇದು!"

ಅಪ್ಪ ತಲೆ ಎತ್ತಿದ. ತಪ್ಪು ಎಲ್ಲಾಯಿತು ಅಂತ ನಿಜಕ್ಕೂ ತಿಳಿಯದವನ ಮುಖ. "ದೂರ ಹಿಡಿದಿದ್ನಲ್ಲವ್ವ... ಯಾವಾಗ್ಲೂ ಹಿಡಿಯಾ ಅಷ್ಟ ದೂರ. ಭಾಳ ಹಗುರ ಐತಿ ಅಂದ್ಕಂಡೆ. ಚರ್ಮ ಹಿಂಗ ಯಾಕ ಆತು?"

ನಾನು ಅನ್ನಬೇಕೆಂದುಕೊಂಡಿದ್ದ ಎರಡು ಮಾತೂ ಎಲ್ಲಿ ಹೋದವೋ. "ಅದು ಚರ್ಮ ಅಲ್ಲಪ್ಪ, ಫೈಬರ್. ಅದಕ್ಕ ಬೆಂಕಿ ಬ್ಯಾಡ," ಅಂದೆ.

ಹಿಂದೆ ಹೆಜ್ಜೆ ಕೇಳಿಸಿತು. ಚಿಗಪ್ಪ, ಅವನ ಹಿಂದೆ ಆ ಹುಡುಗಿ, ಕೊರಳಲ್ಲಿ ಅವಳ ಹಲಗೆ. ಅವಳು ಸುಟ್ಟದ್ದನ್ನು ನೋಡಿ "ಅಯ್ಯಯ್ಯೋ" ಅಂತ ನಗಲು ಹೋಗಿ ಬಾಯಿ ಮುಚ್ಚಿಕೊಂಡಳು. ಚಿಗಪ್ಪ ನಗಲಿಲ್ಲ. ಬೆಂಕಿ ನೋಡಿದ, ಅಣ್ಣನನ್ನು ನೋಡಿದ. ಮೂವತ್ತು-ಮೂವತ್ತೈದು ವರ್ಷದ ಮೇಲೆ ಅಣ್ಣ ತನಗಾಗಿ ಹುಲ್ಲು ಹಚ್ಚಿ ಕುಳಿತಿದ್ದಾನೆ. ಹೂಂ ಅಂತ ಬಾಯಲ್ಲಿ ಹೇಳಲಾರದೆ ಹಿಂಗೆ ಹೇಳಿದ್ದಾನೆ, ಅದೂ ಸುಟ್ಟುಕೊಂಡು. ಚಿಗಪ್ಪನ ಕಣ್ಣಲ್ಲಿ ನೀರು ಬಂತು. ಔಷಧಿ ಹಾಕಿದ ಕಣ್ಣು ಅಂತ ನಾನು ಸುಳ್ಳು ಹೇಳುವುದಿಲ್ಲ, ಅತ್ತ.

ಆಮೇಲೆ ಹುಡುಗಿಯ ಕೊರಳಿಂದ ಹಲಗೆ ತೆಗೆಸಿಕೊಂಡ. ಅದನ್ನು ತನ್ನ ಹೆಗಲಿಗೆ ಹಾಕಿಕೊಳ್ಳಲಿಲ್ಲ. ಬೆಂಕಿಯ ಈಚೆಗೆ ಕುಳಿತು, ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮುಂದೆ ಚಾಚಿದ.

ಸ್ಟೇಜಿನಲ್ಲಿ ಮೈಕಿನವರು ತಂಡ ಬರಬೇಕು, ತಂಡ ಬರಬೇಕು ಅಂತ ಕರೆಯುತ್ತಿದ್ದರು. ಅಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಹಲಗೆಯ ಮೇಲಿಟ್ಟ. ಸವರಿದ. ಬೆರಳ ಗಿಣ್ಣಿನಿಂದ ಒಂದು ಸಲ ತಟ್ಟಿ, ಕಿವಿ ಕೊಟ್ಟು ಕೇಳಿದ. ನಾನೂ ಆಮೇಲೆ ಮುಟ್ಟಿ ನೋಡಿದೆ, ಹಲಗೆ ತಣ್ಣಗಿತ್ತು.

"ಕಾದೈತಿ," ಅಂದ ಅಪ್ಪ. "ಹೋಗು, ಬಡಿ."