ಗ್ರಿಸಮ್‌ನ ಚರಿತ್ರೆ ಬರೆದವಳು

ಕ್ಯಾಲ್ಡರ್ ಫಾಲ್ಸ್ ಊರಿನ ಪತ್ರಿಕೆ ಡೆಲೋರಿಸ್ ವಾರ್ನೆಕ್‌ಳನ್ನು ವರದಿಗಾರ್ತಿಯ ಕೆಲಸದಿಂದ ಹೊರಹಾಕಿದಾಗ ಅವಳಿನ್ನೂ ಚಿಕ್ಕ ವಯಸ್ಸಿನವಳು. ಗಣಿಯ ಕೆಸರುನೀರು ನಿಲ್ಲಿಸಿದ್ದ ಕಟ್ಟೆ ಬಿರುಕು ಬಿಟ್ಟಿದೆ, ತಪಾಸಣೆ ನಡೆಯದಂತೆ ರಾಜಕಾರಣಿ ಥ್ಯಾಡ್ ಗ್ರಿಸಮ್ ತಡೆದಿದ್ದಾನೆ ಎಂದು ಬರೆದಿದ್ದಳು. ತಪಾಸಣೆಯ ಅಧಿಕಾರಿಯ ಜೊತೆ ಮಲಗಿ ಕಥೆ ಕಟ್ಟಿದ್ದಾಳೆ ಎಂದು ಗ್ರಿಸಮ್ ಊರೆಲ್ಲ ಹಬ್ಬಿಸಿದ. ಅವಳು ಪುರಾವೆ ತೋರಿಸಲು ಹೋದರೆ ಸಂಪಾದಕ ಬೆಕ್ ತಲೆ ಎತ್ತಲಿಲ್ಲ.

"ನೀನು ಸುಳ್ಳು ಬರ್ದೆ ಅಂತ ನಾನು ಹೇಳ್ತಿಲ್ಲಮ್ಮ. ಅವನನ್ನ ಎದುರು ಹಾಕ್ಕೊಂಡು ಈ ಪೇಪರ್ ಉಳಿಯಲ್ಲ."

ಗಣಿ ಕೆಲಸದ ಅಪ್ಪ ಕ್ಷೌರದಂಗಡಿಗೆ ಹೋಗುವುದನ್ನೇ ಬಿಟ್ಟ. ಚರ್ಚಿನಲ್ಲಿ ಅಪ್ಪ ಮಗಳು ಕೂತ ಬೆಂಚಿಗೆ ಬೇರೆ ಯಾರೂ ಬರುತ್ತಿರಲಿಲ್ಲ. ಮುಂದಿನ ವಸಂತದಲ್ಲಿ ಕಟ್ಟೆ ಒಡೆದು ಕೆಳಗಿನ ಬೀದಿ ಕೊಚ್ಚಿಹೋಯಿತು. ಗ್ರಿಸಮ್ ಹೆಣದ ಪೆಟ್ಟಿಗೆಗಳ ಮುಂದೆ ನಿಂತು ಕಣ್ಣೊರೆಸಿಕೊಂಡ. ಜನ ಅವನಿಗೇ ಓಟು ಹಾಕಿದರು. ಮಗಳನ್ನು ನಂಬಿದೆನೋ ಇಲ್ಲವೋ ಎಂದು ಒಂದು ಮಾತೂ ಆಡದೆ ಅಪ್ಪ ತೀರಿಕೊಂಡ. ಡೆಲೋರಿಸ್ ಗ್ರಿಸಮ್‌ನನ್ನು ಕ್ಷಮಿಸದೇ ಇದ್ದದ್ದು ಇದೊಂದಕ್ಕೆ.

ವಾಷಿಂಗ್ಟನ್ನಿಗೆ ಹೋದಳು, ಮದುವೆಯಾಗಿ ಡಿ. ಹೋಲ್ಕಂಬ್ ಆದಳು. ಅಧ್ಯಕ್ಷ ಚುನಾವಣೆಗಳ ವರದಿ ಮಾಡುತ್ತ, ಪ್ರಚಾರದ ಬಸ್ಸುಗಳಲ್ಲಿ ಒಣಗಿದ ಸ್ಯಾಂಡ್‌ವಿಚ್ ತಿನ್ನುತ್ತ, ಅಯೋವಾ ರಾಜ್ಯದ ಹಿಮ ತುಳಿಯುತ್ತ ಅವಳ ತಲೆ ನರೆಯಿತು. ಅವಳ ಪುಸ್ತಕಗಳಿಗೆ ದೊಡ್ಡ ನಾಯಕರೂ ಅಂಜುತ್ತಿದ್ದರು. ಗ್ರಿಸಮ್ ಕೂಡ ಸೆನೆಟರ್ ಆಗಿ ವಾಷಿಂಗ್ಟನ್ನಿಗೇ ಬಂದ. ಅವನ ಬಗ್ಗೆ ಮಾತ್ರ ಅವಳು ಒಂದು ಸಾಲೂ ಬರೆಯಲಿಲ್ಲ. ಚೂರುಪಾರು ಬರೆದು ಸಿಟ್ಟು ಖರ್ಚು ಮಾಡಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ನಿವೃತ್ತನಾದ ಮೇಲೆ ಅವನೇ ಕರೆ ಕಳಿಸಿದ. ತನ್ನ ಜೀವನಚರಿತ್ರೆಯನ್ನು ಹೆಸರಾಂತ ಲೇಖಕಿ ಡಿ. ಹೋಲ್ಕಂಬ್ ಅವರೇ ಬರೆಯಬೇಕಂತೆ. ಅಚ್ಚಾಗುವ ಮುಂಚೆ ಓದಲು ಕೊಡುವುದಿಲ್ಲ ಎಂದಳು. ಅವನು ನಗುತ್ತಲೇ ಒಪ್ಪಿದ. ಆ ಬೇಸಿಗೆ ಪೂರ್ತಿ ಅವನ ಜಗಲಿಯಲ್ಲಿ ಐಸ್ ಹಾಕಿದ ಚಹಾ ಕುಡಿಯುತ್ತ, ಟೇಪ್ ರೆಕಾರ್ಡರ್ ಮುಂದಿಟ್ಟು ಕೇಳಿದಳು. ಒಂದು ಮಧ್ಯಾಹ್ನ ಹಳೆಯ ಪಟ್ಟುಗಳನ್ನು ಹೇಳುವ ಹುರುಪು ಅವನಿಗೆ ಬಂತು.

"ಒಬ್ಳು ರಿಪೋರ್ಟರ್ ಕಟ್ಟೆ ವಿಷ್ಯ ಕೆದಕಿದ್ಲು. ಬರ್ದಿದ್ದೆಲ್ಲ ನಿಜಾನೇ. ಆಫೀಸರ್ ಜೊತೆ ಮಲಗ್ತಾಳೆ ಅಂತ ಒಂದು ಮಾತು ತೇಲಿಬಿಟ್ಟೆ ನೋಡಿ, ಅಲ್ಲಿಗೆ ಮುಗೀತು ಅವಳ ಕಥೆ."

"ಅವಳ ಹೆಸರು?"

"ಅಯ್ಯೋ, ಯಾರಿಗೆ ನೆನಪಿರುತ್ತೆ? ಯಾವನೋ ಗಣಿ ಕೆಲಸದವನ ಮಗಳು."

ಟೇಪಿನಲ್ಲಿ ಸರಿಯಾಗಿ ಬಂದಿರಲಿಕ್ಕಿಲ್ಲ, ಇನ್ನೊಮ್ಮೆ ಹೇಳಿ ಎಂದಳು ಡೆಲೋರಿಸ್. ಅವನು ಉಪ್ಪುಖಾರ ಹಚ್ಚಿ ಇನ್ನೊಮ್ಮೆ ಹೇಳಿದ.

ಅವನ ಮಾತನ್ನು ಒಂದಕ್ಷರ ಬದಲಿಸದೆ ಅಚ್ಚು ಹಾಕಿಸಿದಳು. ಕೆಳಗಿನ ಬೀದಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಕ್ಯಾಲ್ಡರ್ ಫಾಲ್ಸ್‌ನ ನಗರಸಭೆಯ ಮುಂದೆ ಬಂದು ಕೂತರು. ಊರಿನ ಸೇತುವೆಗೆ ಇಟ್ಟಿದ್ದ ಅವನ ಹೆಸರನ್ನು ಕಿತ್ತು ಹಾಕಿದರು. ಗ್ರಿಸಮ್ ಫೋನ್ ಮಾಡಿದ.

"ನಂಬಿ ಮನೆಯೊಳಗೆ ಬಿಟ್ಕೊಂಡೆ. ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?"

"ಆ ರಿಪೋರ್ಟರ್ ಹೆಸರು ನೀವು ಮರೆತಿದ್ರಿ. ಪುಟದ ಕೆಳಗೆ ಟಿಪ್ಪಣಿಯಲ್ಲಿ ನಾನೇ ಸೇರಿಸಿದೀನಿ. ಡೆಲೋರಿಸ್ ವಾರ್ನೆಕ್. ಅದು ನಾನೇ."

ಕ್ಷಮಾಪಣೆ ಬರೆದು ಕಳಿಸಿದರೆ ಮುಂದಿನ ಮುದ್ರಣದಲ್ಲಿ ಹಾಕುತ್ತೀರಾ ಎಂದು ಗ್ರಿಸಮ್ ಕೇಳಿದ. ಇಲ್ಲ ಎಂದಳು.

ಅವನು ಸತ್ತಾಗ ಪತ್ರಿಕೆಯೊಂದು ಶ್ರದ್ಧಾಂಜಲಿ ಬರೆದುಕೊಡಲು ಅವಳನ್ನೇ ಕೇಳಿತು. ಆ ವೇಳೆಗಾದರೂ ಮನಸ್ಸು ಮೆತ್ತಗಾಗಿರಬಹುದು ಎಂದುಕೊಂಡವರಿದ್ದರು. ಅವಳು ಸಂತೋಷದಿಂದಲೇ ಬರೆದಳು: ಮೊದಲ ಪ್ಯಾರಾದಲ್ಲಿ ಕೊಚ್ಚಿಹೋದವರ ಹೆಸರು, ಅವನ ಹೆಸರು ಎರಡನೆಯದರಲ್ಲಿ.