ಹಳದಿಗೆ ತಿರುಗದ ಬೆಳ್ಳಿ ನೀರು

ಅಣ್ಣ ಅತ್ತದ್ದನ್ನು ನಾನು ನೋಡಿದ್ದು ಒಂದೇ ಸಲ. ಅವ್ವ ತೀರಿಕೊಂಡಾಗ ಅವನು ಅಳಲಿಲ್ಲ. ಗಂಡಸರು ಮುಂದಿನ ಕೆಲಸ ನೋಡಬೇಕು ಎಂದು ನೀರಿನ ಟ್ಯಾಂಕರಿನವನಿಗೆ ಫೋನು ಮಾಡುತ್ತ ಓಡಾಡಿದ. ಅವನು ಅತ್ತದ್ದು, ಅವ್ವನ ಬೆಳ್ಳಿ ಗಂಗಾಳವನ್ನು ಕತ್ತರಿಸುತ್ತೇನೆ ಎಂದು ನಾನು ಹೇಳಿದಾಗ. ಊಟದ ತಟ್ಟೆಯೊಂದಕ್ಕೆ ಕಣ್ಣೀರು ಹಾಕುವಷ್ಟು ಮೆತ್ತನೆಯ ಮನಸ್ಸು ನಮ್ಮಣ್ಣನದು ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಸರ್ಕಾರಿ ನೌಕರಿಗೆಂದು ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದ ಮನೆತನ. ಅಪ್ಪ ಬೇಗ ಹೋಗಿಬಿಟ್ಟರು. ನಾರಾಯಣಗೂಡದ ಬಾಡಿಗೆ ಮನೆಯಲ್ಲಿಟ್ಟುಕೊಂಡು ನನ್ನನ್ನು ಬಿಎಸ್ಸಿ ಓದಿಸಿದವನು ಅಣ್ಣ, ಮದುವೆ ಮಾಡಿಕೊಟ್ಟವನೂ ಅವನೇ. ಅವ್ವ ಹೋದ ಮೇಲೆ ನನಗೆ ತವರು ಎಂದರೆ ಅವನೊಬ್ಬನೇ ಉಳಿದಿದ್ದ.

ಗಂಗಾಳ ಮಗಳಿಗೆ ಎಂದು ಅವ್ವ ಬಾಯಿಬಿಟ್ಟು ಹೇಳಿದ್ದಳು. ಅದರಲ್ಲಿ ಒಂದು ನೆಗ್ಗು ಇತ್ತು, ನನ್ನದೇ ಕರಾಮತ್ತು. ಚಿಕ್ಕವಳಿದ್ದಾಗ ಅದನ್ನು ಅಂಗಳದ ಕಲ್ಲಿಗೆ ಬಡಿದು ಬ್ಯಾಂಡು ಬಾರಿಸಿದ್ದೆ. ಆಮೇಲೆ ಯಾರಿಗೆ ಅದರಲ್ಲಿ ಬಡಿಸಿದರೂ ಸಾರು ಹೋಗಿ ಆ ನೆಗ್ಗಿನಲ್ಲೇ ನಿಲ್ಲುತ್ತಿತ್ತು, ಪ್ರತಿ ಸಲ ನನಗೆ ಬೈಗುಳ. ಅವ್ವನ ವರ್ಷಾಂತಿಕ ಮುಗಿದ ಮೇಲೆ ಅಣ್ಣ ಗಂಗಾಳವನ್ನು ಅವ್ವನದೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ತಂದುಕೊಟ್ಟ. ಪಾಲಿಶ್ ಮಾಡಿಸಿದ್ದ, ನೆಗ್ಗನ್ನೂ ತೆಗೆಸಿದ್ದ. ಅಂಚಿನ ಹಿಂದೆ ಅವ್ವನ ಹೆಸರು ಹೊಸದಾಗಿ ಕೊರೆದಂತೆ ಹೊಳೆಯುತ್ತಿತ್ತು. ಕೈಗೆತ್ತಿಕೊಂಡರೆ ಹಗುರ ಅನ್ನಿಸಿತು. ಚಿಕ್ಕವಳಿದ್ದಾಗ ಎರಡು ಕೈಯಿಂದ ಎತ್ತುತ್ತಿದ್ದೆ, ಈಗ ತೋಳು ಬಲಿತಿವೆ ಎಂದುಕೊಂಡು ಟ್ರಂಕಿನಲ್ಲಿಟ್ಟೆ.

ಸನತ್‌ನಗರದ ಕಾರ್ಖಾನೆಗಳ ನಡುವೆ, ಒಂದು ಲೇತ್ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ನಾನೂ ನಮ್ಮ ಮನೆಯವರೂ ಬೆಳ್ಳಿ ನೀರು ತಯಾರಿಸುತ್ತಿದ್ದೆವು. ಗಾಜಿನ ಜಾರಿನಲ್ಲಿ ಡಿಸ್ಟಿಲ್ಡ್ ವಾಟರ್, ಅದರೊಳಗೆ ಎರಡು ಬೆಳ್ಳಿ ತಂತಿ, ತಂತಿಗೆ ಸಣ್ಣ ಕರೆಂಟು, ಇಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಬೆಳ್ಳಿ ಬಿಡಿಸಿಕೊಂಡು ನೀರಿನಲ್ಲಿ ತೇಲುತ್ತದೆ. ನೀರು ನಿಧಾನಕ್ಕೆ ತಿಳಿ ಹಳದಿಗೆ ತಿರುಗುತ್ತದೆ. ನೀರು ಸೋಸುವ ಮಣ್ಣಿನ ಕ್ಯಾಂಡಲ್ ಮಾಡುವ ಕಂಪನಿಯೊಂದು ಅದನ್ನು ಒಯ್ದು ಕ್ಯಾಂಡಲಿಗೆ ಬಳಿಯುತ್ತಿತ್ತು. ಕುಡಿದರೆ ಸಕಲ ರೋಗವೂ ಹೋಗುತ್ತದಂತೆ, ಒಂದು ಬಾಟಲಿ ಕೊಡಿ ಎಂದು ಬರುವವರೂ ಇದ್ದರು. ಮೈ ನೀಲಿಯಾದೀತು, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ಅವರನ್ನು ಅಟ್ಟುತ್ತಿದ್ದೆ.

ಪರೀಕ್ಷೆ ನನ್ನ ಪಾಲಿನ ಕೆಲಸ. ಜಾರಿನ ಪಕ್ಕದಿಂದ ಟಾರ್ಚ್ ಬಿಟ್ಟರೆ ಬೆಳಕು ನೀರಿನೊಳಗೆ ಕೋಲಿನಂತೆ ಕಾಣಬೇಕು. ಸ್ವಲ್ಪ ನೀರು ತೆಗೆದು ಉಪ್ಪು ನೀರಿನ ಹನಿ ಹಾಕಿದರೆ ಬೆಳ್ಳಗಾಗಬೇಕು. ತಾಮ್ರ, ನಿಕಲ್ ಇವೆಯೇ ಎಂದು ಪ್ರತಿ ಸಲವೂ ನೋಡಿ ಕಳಿಸಬೇಕೆಂದು ಕಂಪನಿಯವರ ತಾಕೀತು ಬೇರೆ. ತಂತಿ ಚೊಕ್ಕ ಬೆಳ್ಳಿಯದಾದ್ದರಿಂದ ಅದೊಂದು ಶಾಸ್ತ್ರ ಅಷ್ಟೇ, ಏನೂ ಸಿಗುತ್ತಿರಲಿಲ್ಲ.

ತಂತಿಗಿಂತ ಅಗಲವಾದ ಪಟ್ಟಿಯಿದ್ದರೆ ಕೆಲಸ ಬೇಗ ಆಗುತ್ತದೆ. ಟ್ರಂಕಿನಲ್ಲಿ ಸುಮ್ಮನೆ ಬಿದ್ದಿರುವ ಗಂಗಾಳ ನೆನಪಾಯಿತು. ತವರಿನ ಬೆಳ್ಳಿಯನ್ನು ಮುರಿಸುವ ಮುಂಚೆ ತವರಿಗೆ ಹೇಳುವುದು ನಮ್ಮ ಮನೆತನದ ಪದ್ಧತಿ. ಯುಗಾದಿಯ ಊಟಕ್ಕೆ ಹೋದಾಗ ಅಣ್ಣನಿಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು, ಕಣ್ಣು ತುಂಬಿ ಬಂದವು.

"ಅವ್ವನ ಕೈ ತಾಗಿದ್ದು ಐತಿ ತಂಗಿ. ಅದಕ್ಕ ಕತ್ತರಿ ಹಚ್ಚಬ್ಯಾಡ."

ನಾನೂ ಅತ್ತೆ. ಗಂಗಾಳ ಟ್ರಂಕಿನಲ್ಲೇ ಉಳಿಯಿತು.

ಆಮೇಲೆ ಬಂದ್ ಮೇಲೆ ಬಂದ್ ಆದ ದಿನಗಳು ಬಂದವು. ತೆಲಂಗಾಣದ ಗಲಾಟೆಯಲ್ಲಿ ಬೆಳ್ಳಿ ಅಂಗಡಿಗಳು ಬಾಗಿಲು ಹಾಕಿದ್ದವು, ನಮ್ಮ ತಂತಿ ಸವೆದು ತುಂಡಾಗಿತ್ತು, ಕ್ಯಾಂಡಲ್ ಕಂಪನಿಯವರು ನೀರು ಯಾವಾಗ ಎಂದು ಪೀಡಿಸುತ್ತಿದ್ದರು. ಅಂಚಿನಿಂದ ಎರಡು ಸಣ್ಣ ಪಟ್ಟಿ ಮಾತ್ರ ತೆಗೆಯೋಣ, ಅಣ್ಣನಿಗೆ ನಾನೇ ಹೋಗಿ ತಿಳಿಸಿ ಹೇಳುತ್ತೇನೆ ಎಂದು ನಿರ್ಧರಿಸಿದೆ. ಪಕ್ಕದ ಲೇತ್ ಶೆಡ್ಡಿನಿಂದ ತಗಡು ಕತ್ತರಿ ಇಸಿದುಕೊಂಡು ಬಂದೆ. ಕತ್ತರಿಸಿದ ಅಂಚು ಕೂಡ ಬೆಳ್ಳಗೇ ಇತ್ತು.

ನೀರು ಹಳದಿಯಾಗಲಿಲ್ಲ. ಮಂಕು ಹಸಿರು ಬಣ್ಣಕ್ಕೆ ತಿರುಗಿ ತಳದಲ್ಲಿ ರಾಡಿ ಕೂತಿತು. ನೀರೇ ಕೆಟ್ಟಿರಬೇಕೆಂದು ಬೇರೆ ನೀರು ಹಾಕಿದೆ, ಜಾರು ತೊಳೆದೆ. ಮತ್ತೆ ಅದೇ ರಾಡಿ. ಅದೇ ಜಾರಿಗೆ ಸವೆದ ತಂತಿಯ ತುಂಡುಗಳನ್ನು ಇಳಿಬಿಟ್ಟಾಗ ತಿಳಿ ಹಳದಿ ಬಂತು. ಅಲ್ಲಿಗೆ ತಪ್ಪು ಪಟ್ಟಿಯದೇ ಎಂದಾಯಿತು. ಹಳೆಯ ಬೆಳ್ಳಿಯಲ್ಲಿ ಒಂದಿಷ್ಟು ತಾಮ್ರ ಇರುವುದು ನನಗೆ ಗೊತ್ತಿದ್ದದ್ದೇ. ರಾಡಿಯನ್ನು ಕರಗಿಸಿ ಅಮೋನಿಯಾ ಹಾಕಿದೆ, ಗಾಢ ನೀಲಿ ಬಂತು, ಅಂದರೆ ತಾಮ್ರ. ಅದಾದರೂ ಸರಿ ಅನ್ನಬಹುದಿತ್ತು. ನಿಕಲ್ ನೋಡುವ ಔಷಧದ ಹನಿ ಬಿದ್ದದ್ದೇ ತಡ, ನಳಿಗೆಯ ತುಂಬ ಗುಲಾಬಿ ಕೆಂಪು. ಅಷ್ಟು ಚೆಂದದ ಬಣ್ಣ ಆ ಕೋಣೆಯಲ್ಲಿ ಯಾವತ್ತೂ ಬಂದಿರಲಿಲ್ಲ. ತಾಮ್ರ, ನಿಕಲ್ ಎರಡೂ ಸೇರಿದರೆ ಅದು ಜರ್ಮನ್ ಸಿಲ್ವರ್. ಹೆಸರಿನಲ್ಲಿ ಬಿಟ್ಟರೆ ಅದರೊಳಗೆ ಬೆಳ್ಳಿ ಇರುವುದಿಲ್ಲ. ಮೇಲೆ ಮಾತ್ರ ಬೆಳ್ಳಿಯ ನೀರು ಕುಡಿಸಿ ಹೊಳಪು ಬರಿಸಿದ್ದರು.

ಗಂಗಾಳ ಮಾಡಿದ ಪತ್ತಾರ ಆ ಕಾಲದಲ್ಲೇ ನಿಮ್ಮ ಅಜ್ಜನಿಗೆ ಟೋಪಿ ಹಾಕಿರಬೇಕು ಎಂದರು ನಮ್ಮ ಮನೆಯವರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನಗೆ ಅವ್ವನ ಮೇಲೆ ಕನಿಕರ ಬಂತು, ಅದಕ್ಕಿಂತ ಹೆಚ್ಚು ಅಣ್ಣನ ಮೇಲೆ. ಪಾಪ, ಕಬ್ಬಿಣದಂಗಡಿಯಲ್ಲೂ ಕೊಳ್ಳದಂಥ ವಸ್ತುವಿಗೆ ಅತ್ತನಲ್ಲ ಎಂದು. ಈ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಬೇಡ, ಎದುರಿಗೆ ಕೂತು ಸಮಾಧಾನ ಮಾಡಬೇಕು ಎಂದುಕೊಂಡೆ. ಬಂದ್ ಮುಗಿದು ಬಸ್ಸು ಓಡತೊಡಗಿದ ದಿನವೇ, ಕತ್ತರಿಸಿದ ಗಂಗಾಳವನ್ನು ಚೀಲದಲ್ಲಿಟ್ಟುಕೊಂಡು, ಹೇಳದೆ ಕೇಳದೆ ಮಣಿಕೊಂಡಕ್ಕೆ ಹೊರಟೆ. ಅಣ್ಣ ಅಲ್ಲಿ ಫ್ಲ್ಯಾಟ್ ಕೊಂಡಿದ್ದ.

ಬಾಗಿಲು ತೆಗೆದ ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗೆ ಬಾ ಅನ್ನುವುದನ್ನು ಮರೆತು ನಿಂತರು. ನಾನೇ ಒಳಗೆ ಹೋದೆ. ಅಣ್ಣ ಊಟಕ್ಕೆ ಕೂತಿದ್ದ. ರೊಟ್ಟಿ ಮುಗಿದು ಅನ್ನಕ್ಕೆ ಬಂದಿದ್ದ. ಅವನ ಮುಂದಿನ ಗಂಗಾಳದ ಒಂದು ಬದಿಯಲ್ಲಿ ನೆಗ್ಗು ಇತ್ತು, ಆ ನೆಗ್ಗಿನಲ್ಲಿ ಸಾರು ನಿಂತಿತ್ತು.

ಚೀಲದಲ್ಲಿದ್ದದ್ದನ್ನು ತೆಗೆದು ಅದರ ಪಕ್ಕಕ್ಕಿಟ್ಟೆ. ಒಲೆಯ ಮೇಲೆ ಹಾಲಿದೆ ಎನ್ನುತ್ತ ವೈನಿ ಅಡುಗೆಮನೆಗೆ ಸರಿದುಕೊಂಡರು. ಕತ್ತರಿಸಿದ ಅಂಚನ್ನು ಅಣ್ಣ ಎಡಗೈಯಿಂದ ಮುಟ್ಟಿ ನೋಡಿದ.

"ಕತ್ತರಸಬ್ಯಾಡ ಅಂತ ನಾ ಹೇಳಿದ್ದೆ," ಅಂದ.

ಅಂದರೆ ತಪ್ಪು ನನ್ನದು! ನಾನು ಅವನ ಗಂಗಾಳದ ನೆಗ್ಗಿನತ್ತ ಬೆರಳು ತೋರಿಸಿದೆ. ಅವನು ಮುಂದುವರಿಸಿದ.

"ನೀ ಬ್ಯಾರೆ ಮನಿಗೆ ಹೋದಾಕಿ. ಅವ್ವಂದು ಈ ಮನ್ಯಾಗ ಇರಲಿ ಅನಸ್ತು. ನಿನಗ ಬ್ಯಾಸರ ಆಗಬಾರದಂತ ಅಂಥಾದ್ದ ಒಂದು ಮಾಡಿಸಿ ಕೊಟ್ಟೆ."

ಎಂಥ ಅಕ್ಕರೆ ನೋಡಿ. ನನಗೆ ಬೇಸರವಾಗಬಾರದೆಂದು ಅಂಗಡಿ ಹುಡುಕಿ, ಅಳತೆ ಕೊಟ್ಟು, ಸತ್ತ ತಾಯಿಯ ಹೆಸರನ್ನು ಕೊರೆಸಿ, ಅವಳ ಸೀರೆಯ ತುಂಡನ್ನೇ ಸುತ್ತಿ ತಂದಿದ್ದಾನೆ. ನನಗ ಬೇಕು ತಂಗಿ, ಬಿಟ್ಟುಕೊಡು ಎಂದು ಒಂದು ಮಾತು ಕೇಳಿದ್ದರೆ ಆ ಕ್ಷಣವೇ ಕೊಡುತ್ತಿದ್ದೆ. ನನ್ನನ್ನು ಓದಿಸಿದವನಿಗೆ ನಾನು ಒಂದು ತಟ್ಟೆ ಕೊಡಲಾರೆನೇ? ಅವನ ಕಣ್ಣೀರನ್ನು ನಾನು ಅವ್ವನ ಲೆಕ್ಕಕ್ಕೆ ಹಾಕಿದ್ದೆ. ಅವನು ಅತ್ತದ್ದು ಸಿಕ್ಕಿಬೀಳುತ್ತೇನೆಂಬ ಹೆದರಿಕೆಗೆ.

ಅವನು ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದ. ಉಂಡ ತಟ್ಟೆ ಎತ್ತುವುದು ತವರಿನಲ್ಲಿ ಚಿಕ್ಕಂದಿನಿಂದ ನನ್ನ ಕೆಲಸ, ರೂಢಿಯ ಮೇಲೆ ಕೈ ಚಾಚಿದೆ. ಒಂದೇ ಕೈಯಿಂದ ಎತ್ತಲು ಹೋದರೆ ಗಂಗಾಳ ವಾಲಿ, ನೆಗ್ಗಿನ ಸಾರು ಮೇಜಿನ ಮೇಲೆ ಚೆಲ್ಲಿತು. ಅದನ್ನು ಎತ್ತಲು ಎರಡೂ ಕೈ ಬೇಕಾದವು.