ಅರಗು ಕರಗಿದ ಪ್ರಕರಣ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕಚೇರಿ ಪತ್ರಗಳನ್ನು ಬಿಟ್ಟು ನಾನು ಈವರೆಗೆ ಬೇರೇನನ್ನೂ ಬರೆದವನಲ್ಲ. ಆದುದರಿಂದ ಎಲ್ಲಿಂದ ಆರಂಭಿಸಬೇಕೆಂಬ ಅಳುಕಿದೆ. ಯಾರನ್ನು ತಿರಸ್ಕರಿಸಬೇಕೆಂಬ ವಿಷಯದಲ್ಲಿ ಮಾತ್ರ ಯಾವ ಅಳುಕೂ ಇರುವುದಿಲ್ಲ.

ನಾನಾಗ ಸೊರಬದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಹೊಲಿದು, ದಾರದ ಗಂಟಿನ ಮೇಲೆ ಕಾಯಿಸಿದ ಕೆಂಪು ಅರಗು ಹಚ್ಚಿ, ಮೊಹರು ಒತ್ತಿ, ಶಿಕಾರಿಪುರದ ಮೇಲಿನ ಕಚೇರಿಗೆ ತಲುಪಿಸುವುದು ಪದ್ಧತಿ. ಒಯ್ಯುತ್ತಿದ್ದವಳು ಕುಪ್ಪಗಡ್ಡೆಯ ಒಬ್ಬ ಹಂಗಾಮಿ ಅಟೆಂಡರ್. ಒಂದು ಬೇಸಿಗೆಯ ಮಧ್ಯಾಹ್ನ ಬಸ್ಸು ಕಿಕ್ಕಿರಿದಿತ್ತು. ಚೀಲ ಕಣ್ಣೆದುರೇ ಇರಲೆಂದು ಆಕೆ ಅದನ್ನು ಚಾಲಕನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಇಟ್ಟಳು. ಶಿಕಾರಿಪುರ ಬರುವಷ್ಟರಲ್ಲಿ ಮೊಹರಿನ ಗುರುತು ಅಳಿಸಿ, ಅರಗು ಬಟ್ಟೆಯ ಮೇಲೆಲ್ಲ ಹರಡಿತ್ತು. ದಾರಿಯಲ್ಲಿ ಚೀಲ ತೆರೆದಿರಬಹುದೆಂಬ ಶಂಕೆಯ ಮೇಲೆ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದೆಂದು ಆಕೆಗೆ ಆದೇಶವಾಯಿತು.

"ತೆಗೆದಿದ್ರೆ ದಾರ ಹರೀಬೇಕಿತ್ತಲ್ರೀ? ಹೋಗಿ ನೋಡ್ರಿ, ಹಂಗೇ ಐತೆ. ಅರಗು ಕರಗೈತೆ, ಅಷ್ಟೇಯ. ಅದನ್ನೇ ಬರೀರಿ," ಎಂದಳು.

ಮೇಲಿನ ಕಚೇರಿಗೆ ಕಳಿಸುವ ವರದಿಯಲ್ಲಿ ಹಾಗೆಯೇ ಬರೆದೆ. ನಮ್ಮ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಕರಗೋದು ಬೆಣ್ಣೆ ಕಣ್ರೀ. ಇದು ಸರ್ಕಾರಿ ಮೊಹರು," ಎಂದು ಆ ಪದ ಹೊಡೆದು, ‘ದ್ರವೀಭೂತವಾಗಿರುತ್ತದೆ’ ಎಂದು ತಿದ್ದಿದರು. ದಾರದ ವಿಚಾರ ಅನಗತ್ಯವೆಂದು ಅದನ್ನೂ ಹೊಡೆದರು.

ಶಿಕಾರಿಪುರದ ಅಧಿಕಾರಿಗೆ ಪದ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಒಪ್ಪುವುದು ಅವರ ಜಾಯಮಾನವಲ್ಲ. ಹದಿನೈದು ದಿನಗಳ ಮೇಲೆ ಕಡತ ಮರಳಿತು: ‘ಸದರಿ ಪದದ ಅರ್ಥ ಹಾಗೂ ಮೂಲವನ್ನು ಸ್ಪಷ್ಟಪಡಿಸುವುದು.’ ಒಬ್ಬ ಹೆಂಗಸಿನ ಅನ್ನ ನಿಂತಿರುವಾಗ ಈ ಮಹನೀಯರಿಗೆ ಪದದ ಮೂಲ ಬೇಕಾಗಿತ್ತು.

ನಾನು ಗ್ರಂಥಾಲಯದ ನಿಘಂಟುಗಳನ್ನು ತಿರುವಿ ಒದಗಿಸಿದೆ. ದ್ರವವು ಸಂಸ್ಕೃತದ್ದು, ಓಡು, ಹರಿ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಕರಗು ನಮ್ಮದೇ, ತೆಲುಗು, ತುಳುಗಳಲ್ಲಿಯೂ ಹೆಚ್ಚುಕಡಿಮೆ ಇದೇ ರೂಪದಲ್ಲಿದೆ, ತಮಿಳಿನಲ್ಲಿ ಅದರ ನೆಂಟನಿದ್ದಾನೆ. ಎರಡು ಹಾಳೆ ತುಂಬಿತು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಗೂ ಮೇಲ್ಕಂಡವರಿಗೆ ಸಲ್ಲುವ ತಿರಸ್ಕಾರವೇ ಸಲ್ಲತಕ್ಕದ್ದು.

ಅದನ್ನು ಮುಟ್ಟಿಸಲು ಹೊರಟಾಗ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ಓದಿ ಹೇಳಿದೆ.

"ಇದ್ರಾಗೆ ನಾನು ಚೀಲ ಬಿಚ್ಚಿಲ್ಲ ಅಂತ ಎಲ್ಲೈತ್ರೀ?"

ಎಲ್ಲಿಯೂ ಇರಲಿಲ್ಲ.

ಶಿಕಾರಿಪುರದ ಅಧಿಕಾರಿ ಹಾಳೆಗಳನ್ನು ಓದದೆ, ದಪ್ಪ ನೋಡಿ ತಲೆದೂಗಿದರು. ಅಷ್ಟರಲ್ಲಿ ಒಂದು ಗೌಪ್ಯ ಲಕೋಟೆಗೆ ಮೊಹರು ಹಾಕಬೇಕಾಗಿತ್ತು. ಅರಗಿನ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ಮೇಣದ ಬತ್ತಿಗೆ ಹಿಡಿಯಲು ಹೇಳಿದರು.

"ಇನ್ನೂ ಕರಗಿಲ್ಲೇನ್ರೀ? ಲಗೂ ಕರಗಸ್ರಿ, ಊಟದ ಹೊತ್ತಾತು."

ತೊಟ್ಟಿಕ್ಕತೊಡಗಿದ ಅರಗನ್ನು ಅವರಿಗೆ ತೋರಿಸಿದೆ. "ಸಾರ್, ಚೀಲದ ಮೇಲಿನದೂ ಹೀಗೇ ಕರಗಿದ್ದು. ಬಸ್ಸಿನ ಎಂಜಿನ್ ಬಿಸಿಗೆ. ದಾರ ಹರಿದಿಲ್ಲ."

ಅವರು ಬತ್ತಿಯನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಂತ ಮೊದ್ಲೇ ಬರೀಲಿಕ್ಕೆ ಏನಾಗಿತ್ರೀ ನಿಮಗೆ?"

ಅಲ್ಲಿಯೇ ನಿಂತು ಆಕೆ ಹೇಳಿದ್ದ ಮಾತನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟೆ. ಸೋಮವಾರ ಆಕೆ ಕೆಲಸಕ್ಕೆ ಮರಳಿದಳು. ಮುಂದಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಯ್ದಳು. ಅಷ್ಟು ದಿನ ಮನೆಯಲ್ಲಿ ಕೂರಿಸಿದ್ದಕ್ಕೆ ಯಾರೂ ಆಕೆಗೆ ಒಂದು ಮಾತು ಹೇಳಲಿಲ್ಲ. ನಾನೂ ಹೇಳಲಿಲ್ಲ.